ಸಾಲಿಯ ಗಂಟೆ ಮತ್ತು ನನ್ನ ತವರಿನ ಕುದುರೆ

ಕುದುರೆ ನನ್ನದು, ಟಾಂಗಾ ಮಾವನದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ನನ್ನ ತವರು ಅಕ್ಕಲಕೋಟೆ ತಾಲೂಕಿನ ಹನ್ನೂರ. ಅಪ್ಪನಿಗೆ ಒಂದಿಷ್ಟು ಹೊಲ, ಹೊಲಕ್ಕಿಂತ ಹೆಚ್ಚು ಕುರಿ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಗಡಿಗೆ, ಕಂಬಳಿ, ಆಗತಾನೇ ಹುಟ್ಟಿದ ಮರಿಗಳನ್ನು ಹೊರಲು ನಮ್ಮಲ್ಲಿ ಕುದುರೆಗಳಿದ್ದವು. ಗಂಡಸರು ಕುರಿಯ ಹಿಂದೆ, ಹೆಂಗಸರು ಕುದುರೆಯ ಮುಂದೆ. ನಡೆಯಲು ಬಂದಾಗಿನಿಂದ ನನಗೆ ಕುದುರೆಯ ಹಗ್ಗ ಹಿಡಿದು ಗೊತ್ತು. ಸಾಲಿಗೆ ಮೂರು ವರ್ಷ ಹೋದೆ, ಅದೂ ಕುರಿ ಊರಲ್ಲಿದ್ದ ದಿನಗಳಲ್ಲಿ ಮಾತ್ರ.

ಮದುವೆಯಾಗಿ ಸೊಲ್ಲಾಪುರಕ್ಕೆ ಬಂದೆ. ನಮ್ಮವರು ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಲ್ಲುತ್ತಿದ್ದರು. ಮಾವ ಟಾಂಗಾ ಹೊಡೆಯುತ್ತಿದ್ದರು. ಅವರ ಹಳೆಯ ಕುದುರೆ ಸತ್ತು, ಟಾಂಗಾ ಮೂಕಿ ನೆಲಕ್ಕೂರಿ ಅಂಗಳದಲ್ಲಿ ಕೂತಿದ್ದ ಹೊತ್ತಿಗೇ ನಮ್ಮ ಮದುವೆ ಆದದ್ದು. ಅಪ್ಪ ಒಂದು ಹೆಣ್ಣುಕುದುರೆ ಕೊಟ್ಟ. ಒಣಗಿದ ಜೋಳದ ದಂಟಿನ ಬಣ್ಣ, ಹಣೆಯಲ್ಲಿ ಒಂದು ಬಿಳಿ ಮಚ್ಚೆ. ಬಂಗಾರ ಕೊಡಲಿಲ್ಲ. ನನಗೇನೂ ಬೇಸರವಾಗಲಿಲ್ಲ, ಬಂಗಾರ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ.

ಆದರೆ ಸೊಲ್ಲಾಪುರದಲ್ಲಿ ಆ ಕುದುರೆ ನಿದ್ದೆಯಲ್ಲಿ ನಡೆಯುವವರ ಹಾಗೆ ನಡೆಯಿತು. ಎತ್ತಿನ ಬಂಡಿಗಳು ಅದನ್ನು ದಾಟಿ ಹೋಗುತ್ತಿದ್ದವು. ಟಾಂಗಾ ಅಡ್ಡೆಯಲ್ಲಿ, ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕು ಎಂದು ಜಗಳಾಡುವುದನ್ನು ಬಿಟ್ಟು ಜನ ನಮ್ಮ ಕುದುರೆಯನ್ನು ನೋಡಿ ನಗುತ್ತಿದ್ದರಂತೆ. ಮಾವ ಮನೆಗೆ ಬಂದು ನನ್ನ ಮೇಲೆ ಹರಿಹಾಯುತ್ತಿದ್ದರು.

"ಏ ತಂಗಿ, ನಿಮ್ಮಪ್ಪ ಕುದರಿ ಅಂತ ಹೇಳಿ ದೊಡ್ಡ ಕುರಿ ಕೊಟ್ಟಾನ ನೋಡು. ಇದರ ಉಣ್ಣೆ ಕತ್ತರಿಸಿಕೊಂಡರ ಕಂಬಳಿಯರೆ ಆಗತೈತಿ."

"ಊರು ಹೊಸಾದು ಮಾವಾ. ರೂಢಿ ಆಗಲಿ," ಎನ್ನುತ್ತಿದ್ದೆ.

"ಅದಕ್ಕ ರೂಢಿ ಆಗೂದರಾಗ ನನ್ನ ದಿನಾ ತುಂಬತಾವು."

ಆ ವರ್ಷ ಬೇಸಿಗೆಯ ಮುಂಚೆ ಮಾವನ ಬಲಗೈ ಮಣಿಕಟ್ಟು ಉಳುಕಿ ಊದಿಕೊಂಡಿತು. ಅದೇ ವಾರ ಅಪ್ಪ ಹನ್ನೂರಿನಿಂದ ಕಂಬಳಿ ಕಳಿಸಿದ್ದ. ಅವನ್ನು ದಿನಕ್ಕಿಷ್ಟರಂತೆ ನವಿ ಪೇಠದ ಒಂದು ಅಂಗಡಿಗೆ ಮುಟ್ಟಿಸಬೇಕಿತ್ತು. ಮಾವ ನನ್ನನ್ನು ಮುಂದೆ ಕೂರಿಸಿ ಪೇಠದ ಗದ್ದಲ ಸಮೀಪಿಸುವ ತನಕ ಲಗಾಮು ನನ್ನ ಕೈಗೆ ಕೊಡುತ್ತಿದ್ದರು. ತಾವು ಹಿಂದೆ ಕಂಬಳಿ ಗಂಟಿನ ಮೇಲೆ ಒರಗಿ, ಹೆಂಗಸು ಟಾಂಗಾ ಹೊಡೆಯುವುದು ಕಾಣಬಾರದೆಂದು ನನಗೆ ಸೆರಗು ಮುಂದೆ ಎಳೆದುಕೋ ಎನ್ನುತ್ತಿದ್ದರು. ಟಾಂಗಾ ಹೊಡೆಯಲು ಪೋಲೀಸರು ಕೊಡುವ ಹಿತ್ತಾಳೆ ಬಿಲ್ಲೆ ಅವರ ಎದೆಯ ಮೇಲೆ. ಲಗಾಮು ನನ್ನ ಕೈಯಲ್ಲಿ.

ದಾರಿಯಲ್ಲಿ ಒಂದು ಹೆಣ್ಣುಮಕ್ಕಳ ಸಾಲಿ. ಅದರ ಮುಂದೆ ರಸ್ತೆಯ ಬದಿಗೆ ತಗಡಿನ ಹಲಗೆ, ಮರಾಠಿಯಲ್ಲಿ 'ಶಾಳಾ, ಸಾವಕಾಶ ಹಾಂಕಾ' ಎಂದು ಬರೆದಿತ್ತು. ಸಾಲಿ ಇದೆ, ನಿಧಾನ ಹೊಡೆಯಿರಿ ಎಂದು ಮಾವ ಅರ್ಥ ಹೇಳಿ ನಕ್ಕರು. "ಈ ಹಲಗಿ ನಮ್ಮ ಕುದರಿಗಿ ಬರದದ್ದಲ್ಲ ಬಿಡು. ಇನ್ನಾ ಸಾವಕಾಶ ಆದರ ಹಿಂದಕ ಹೋಗತೈತಿ."

ಅವರ ಮಾತು ಮುಗಿದಿರಲಿಲ್ಲ. ಸಾಲಿಯ ಬೇವಿನ ಗಿಡಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಗಂಟೆ ಬಾರಿಸುವ ಸಿಪಾಯಿ ಬಡಿದ. ಠಣ್, ಠಣ್, ಠಣ್.

ಕುದುರೆಯ ಕಿವಿ ಎರಡೂ ನೆಟ್ಟಗಾದವು. ಆಮೇಲೆ ನನಗೆ ನೆಲ ಇರಲಿಲ್ಲ.

ಅದನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ಸದ್ದೆಲ್ಲ ಹಿಂದೆ ಬಿದ್ದುಹೋಯಿತು. ಮಿಲ್ಲುಗಳ ಕಡೆಯಿಂದ ಹಾರಿಬರುವ ಹತ್ತಿಯ ಎಳೆಗಳು ಗಾಳಿಯಲ್ಲಿ ನಿಂತೇ ಇದ್ದವು, ನಾನು ಅವುಗಳ ನಡುವೆ ಹಾದುಹೋದೆ. ಬೇವಿನ ಹೂವು ಮುಖಕ್ಕೆ ಬಡಿದದ್ದು ಗೊತ್ತಾಯಿತು, ಬಿದ್ದದ್ದು ಗೊತ್ತಾಗಲಿಲ್ಲ. ಬಿಳಿ ಅಂಗಿ, ಕೆಂಪು ರಿಬ್ಬನ್ನು, ಗೋಡೆ, ಹಲಗೆ ಎಲ್ಲ ನೀರಿನಲ್ಲಿ ಕಂಡಂತೆ ಕದಡಿ, ಮತ್ತೆ ಕೂಡಿ, ಹಿಂದೆ ಹೋದವು. ನನ್ನ ಕೈಯಲ್ಲಿ ಲಗಾಮು ಬದುಕಿರುವ ಹಾವಿನ ಹಾಗೆ ಬೆಚ್ಚಗಿತ್ತು. ಗಂಟೆ ನಿಂತಿತು. ಕುದುರೆಯೂ ನಿಂತಿತು, ಏನನ್ನೋ ಮರೆತವರ ಹಾಗೆ ಅತ್ತಿತ್ತ ನೋಡಿ ಮತ್ತೆ ನಿದ್ದೆಯ ನಡಿಗೆಗೆ ಇಳಿಯಿತು.

ಹಿಂದೆ ಮಾವ ಕಂಬಳಿ ಗಂಟಿನ ಕೆಳಗೆ ಬಿದ್ದಿದ್ದರು. ಎದ್ದು ತಲೆಯ ಪಟಕಾ ಸರಿಮಾಡಿಕೊಂಡು ಕುದುರೆಯ ವಂಶವನ್ನೆಲ್ಲ ಬೈದರು. ಕುದುರೆ ಯಾಕೆ ಓಡಿತೆಂದು ನನಗೆ ತಿಳಿದಿತ್ತು. ಕುರಿಹಟ್ಟಿಯಲ್ಲಿ ದಿನಾ ಸಂಜೆ ಅವ್ವ ಮುರಿದ ನೇಗಿಲ ಕುಳಕ್ಕೆ ಕಲ್ಲಿನಿಂದ ಬಡಿಯುತ್ತಿದ್ದಳು. ಅದು ಉಪ್ಪಿನ ಹೊತ್ತು. ಹೊಟ್ಟಿನಲ್ಲಿ ಉಪ್ಪು ಕಲಸಿ ಇಟ್ಟು ಬಡಿದರೆ ಕುರಿ, ಕುದುರೆ ಎಲ್ಲಿದ್ದರೂ ಓಡಿಬರುತ್ತಿದ್ದವು. ಸಾಲಿಯ ಹಳಿಯ ದನಿಯೂ ಅದೇ ದನಿ.

ಮಾವನಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಎಷ್ಟು ಹೊತ್ತಿಗೆ ಸಾಲಿಯ ಗಂಟೆ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಅದಕ್ಕೆ ಸರಿಯಾಗಿ ಟಾಂಗಾ ಕಟ್ಟಿದೆ. ಬೇಗ ಬಂದರೆ ಪಾನಪಟ್ಟಿ ಅಂಗಡಿಯ ಮುಂದೆ ಕುದುರೆಗೆ ನೀರು ಕುಡಿಸುವ ನೆಪ ಮಾಡಿದೆ. ಮೊದಲ ದಿನವೂ ಸೇರಿ ಐದು ದಿನ ಹೀಗೆ. ಲಗಾಮು ಜಗ್ಗಿದರೆ ಕುದುರೆ ನಿಲ್ಲುತ್ತಿತ್ತು. ನಾನು ಜಗ್ಗಲಿಲ್ಲ.

ಐದನೆಯ ದಿನ ಚಕ್ರದ ಕೆಳಗೆ 'ಚಟ್' ಎಂದಿತು. ಸಣ್ಣ ಸದ್ದು. ಅಷ್ಟು ದೊಡ್ಡ ಕನಸಿನಲ್ಲಿ ಅದೊಂದೇ ನನಗೆ ಕೇಳಿದ್ದು. ಜಗ್ಗಿ ನಿಲ್ಲಿಸಿ ಹಿಂದೆ ನೋಡಿದೆ. ರಸ್ತೆಯಲ್ಲಿ ಮಕ್ಕಳು ಬರೆಯುವ ಒಂದು ಪಾಟಿ ಒಡೆದು ಬಿದ್ದಿತ್ತು. ಅದರಿಂದ ಒಂದು ಗೇಣು ಆಚೆ ಒಬ್ಬ ಹುಡುಗಿ, ಆರೇಳು ವರ್ಷದವಳು, ಕೈ ಇನ್ನೂ ಪಾಟಿ ಹಿಡಿದ ಹಾಗೇ ಇಟ್ಟುಕೊಂಡು ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಹಲಗೆಯ ಹಿಂದಿನಿಂದ ಒಬ್ಬ ಪೋಲೀಸ ಸೀಟಿ ಊದುತ್ತ ಬಂದ. ಸಾಲಿಯವರು ನಾಲ್ಕು ದಿನ ದೂರು ಕೊಟ್ಟು ಅಂದು ಅವನನ್ನು ಅಲ್ಲಿ ನಿಲ್ಲಿಸಿದ್ದರು. ಅವನು ಒಂದು ಮಾತು ಮರಾಠಿ, ಒಂದು ಮಾತು ಕನ್ನಡ ಆಡುವವನು.

"ಯಾರ ಟಾಂಗಾ ಇದು?"

"ನಂದ್ರಿ ಸಾಹೇಬರ," ಮಾವ ಕಂಬಳಿ ಸರಿಸಿ ಇಳಿದರು.

"ಹೊಡದಾಕಿ ಈಕಿ."

"ಹೌದ್ರಿ. ನನ್ನ ಕೈ ಉಳಕೈತಿ, ನೋಡ್ರಿ."

ಪೋಲೀಸ ನನ್ನ ಬಳೆ ನೋಡಿದ, ಚೀಟಿ ಪುಸ್ತಕ ನೋಡಿದ. ನೀಲಿ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಹಚ್ಚಿ ಯೋಚನೆ ಮಾಡಿದ. "ಹೆಣ್ಣಮಗಳ ಹೆಸರ ಎಲ್ಲಿ ಬರೀಲಿ? ಈ ಪುಸ್ತಕ ಬಿಲ್ಲೆ ಇದ್ದವರ ಪುಸ್ತಕ," ಎಂದು ಮಾವನ ಹೆಸರನ್ನೇ ಬರೆದ. 'ಶಾಳೇಸಮೋರ ಭರಧಾವ'. ಸಾಲಿಯ ಮುಂದೆ ಅತಿ ವೇಗ. ಕೋರ್ಟಿಗೆ ಹಾಜರಾಗುವ ತಾರೀಖನ್ನು ಕೆಳಗೆ ಬರೆದು ಚೀಟಿ ಹರಿದು ಕೊಟ್ಟ. ಹೋಗುವಾಗ ಕುದುರೆಯನ್ನು ಒಮ್ಮೆ ನೋಡಿ, "ಇದು ಹುಚ್ಚು ಕುದರಿ. ಸಾಹೇಬರ ಇದನ್ನ ಟಾಂಗಾಕ್ಕ ಪಾಸ್ ಮಾಡಂಗಿಲ್ಲ. ಮಾರಿಬಿಡ್ರಿ," ಎಂದ.

ನಮ್ಮ ಮನೆಯಲ್ಲಿ ಸರಕಾರದಿಂದ ಯಾವ ಕಾಗದ ಬಂದರೂ ಮೊದಲು ಮನೆದೇವರು ಬೀರೋಬಾನ ಮುಂದೆ ಇಡುವ ಪದ್ಧತಿ. ಅತ್ತೆ ಕೇಳಲೂ ಇಲ್ಲ, ಹೇಳಲೂ ಇಲ್ಲ. ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು, ಅರಿಸಿನದ ಭಂಡಾರ ಹಚ್ಚಿ, ತೀರ್ಥದ ನೀರು ಚಿಮುಕಿಸಿ ಕೈಮುಗಿದರು. ಆ ಪೆನ್ಸಿಲ್ಲಿಗೆ ನೀರು ಬಿದ್ದರೆ ಬಣ್ಣ ಬಿಡುತ್ತದೆ ಎಂದು ಅವರಿಗೇನು ಗೊತ್ತು. ನೋಡುನೋಡುತ್ತ ಹಳದಿಯ ನಡುವೆ ನೇರಳೆ ಬಣ್ಣ ಅರಳಿತು. ಸಂಜೆ ಮೋಡದ ಹಾಗೆ ಚೆಂದ ಕಂಡಿತು. ತಾರೀಖು ಹೋಯಿತು.

"ಏನ ಮಾಡಿದಿ ಬೇ!" ಮಾವ ತಲೆ ಮೇಲೆ ಕೈಹೊತ್ತರು.

"ದೇವರಿಗಿ ತೋರಿಸೀನಿ. ತಪ್ಪೇನ ಮಾಡೀನಿ?"

"ದೇವರಿಗಿ ತೋರಿಸಿದಿ, ಇನ್ನ ನಮಗ ತೋರಸವರ ಯಾರು?"

ಆಮೇಲೆ ಮಾವ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಸೊಸೆ ಹೊಡೆದಳು ಎಂದರೆ ಬಿಲ್ಲೆ ಇಲ್ಲದವರಿಗೆ ಲಗಾಮು ಕೊಟ್ಟೆಯಾ ಎಂದು ಬಿಲ್ಲೆ ಕಿತ್ತುಕೊಳ್ಳುತ್ತಾರೆ. ನಾನೇ ಹೊಡೆದೆ ಎಂದು ಮಾವ ಹೇಳಿದರೆ, ಮೂವತ್ತು ವರ್ಷ ಟಾಂಗಾ ಹೊಡೆದವನಿಗೂ ಹಿಡಿತಕ್ಕೆ ಸಿಗದ ಕುದುರೆ ಹುಚ್ಚು ಕುದುರೆ ಎಂದು ಬರೆಯುತ್ತಾರೆ. ಕುದುರೆ ಹೋಗುತ್ತದೆ.

"ಬಿಲ್ಲೆ ಬಿಟ್ಟರ ಉಣ್ಣಾಕಿಲ್ಲ. ಅದಕ್ಕ ಕುದರಿ ಬಿಡೂದ ತಂಗಿ."

ನಾನು ಎದ್ದು ಅಂಗಳಕ್ಕೆ ಹೋದೆ. ಕುದುರೆ ಹುಲ್ಲು ಮೇಯುತ್ತ ನಿಂತಿತ್ತು. ಅದರ ಮೈಯಿಂದ ಇನ್ನೂ ಕುರಿಹಟ್ಟಿಯ ವಾಸನೆ ಹೋಗಿರಲಿಲ್ಲ. ಅಡುಗೆಮನೆಯಿಂದ ಹಿತ್ತಾಳೆ ತಾಟು, ಸೌಟು ತಂದೆ. ದೂರ ನಿಂತು ಮೂರು ಸಲ ಬಡಿದೆ. ಕುದುರೆ ಗೂಟ ಕಿತ್ತುಕೊಂಡು ಬಂದು ನನ್ನ ಎದೆಗೆ ಮೂತಿ ಒತ್ತಿ ನಿಂತಿತು. ಅತ್ತೆ ಒಲೆಯ ಮುಂದಿನಿಂದ ಕಿರುಚಿದರು. ಮಾವ ಬಂದು ಕಿತ್ತ ಗೂಟ ಎತ್ತಿಕೊಂಡರು.

"ಇದಕ್ಕ ಹುಚ್ಚಿಲ್ಲ ಮಾವಾ. ಉಪ್ಪಿನ ಆಸೆ. ಸಾಲಿ ಗಂಟಿ ಕೇಳಿ ಅವ್ವ ಕರದಾಳಂತ ಓಡತೈತಿ."

"ಯಾವಾಗ ತಿಳೀತು ನಿನಗ?"

"ಮೊದಲನೇ ದಿನಾ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಗೂಟ ಮತ್ತೆ ನೆಡುತ್ತ, "ನಾಳೆ ಸಾಲಿಗಿ ಹೋಗೂನು. ತಾರೀಖ ಅವರಿಗಿ ಗೊತ್ತಿರತೈತಿ," ಎಂದರು.

ಮರುದಿನ ಕುದುರೆಯನ್ನು ಸಾಲಿಯ ಬಾಗಿಲಿಗೆ ಟಾಂಗಾ ಸಮೇತ ನಿಲ್ಲಿಸಿ ಇಬ್ಬರೂ ಒಳಗೆ ಹೋದೆವು. ದೊಡ್ಡ ಬಾಯಿಯವರು, ಅಂದರೆ ಸಾಲಿಯ ಮುಖ್ಯ ಶಿಕ್ಷಕಿ, ಒಂಬತ್ತು ಗಜದ ಸೀರೆ ಉಟ್ಟ ಸಣ್ಣ ಮೈಯ ಹೆಂಗಸು. ಮುಖದಲ್ಲಿ ನಗು ಇಟ್ಟುಕೊಂಡು ಹುಟ್ಟಿದವರಲ್ಲ. ಮಾವ ಚೀಟಿ ಕೊಟ್ಟರು. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೇನಾಗಿದೆ?" ಅವರಿಗೆ ಕನ್ನಡ ಬರುತ್ತಿತ್ತು, ಪುಸ್ತಕ ಓದಿದ ಹಾಗೆ ಆಡುತ್ತಿದ್ದರು.

"ದೇವರಿಗಿ ತೋರಿಸಿದ್ವಿರಿ," ಎಂದರು ಮಾವ.

"ದೇವರು ಏನಂದ?"

ಬಾಯಿಯವರು ಕಪಾಟಿನಿಂದ, ಸಾಕ್ಷಿ ಹೇಳಲು ಪೋಲೀಸ ತಮಗೂ ಕೊಟ್ಟಿದ್ದ ಚೀಟಿ ತೆಗೆದು ತಾರೀಖು ಹೇಳಿದರು. ಬರುವ ಸೋಮವಾರ. ಆಮೇಲೆ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಪಾಟಿಯ ಚೂರುಗಳು. ಒಂದು ಚೂರಿನ ಮೇಲೆ ಅರ್ಧ ಬರೆದ ಲೆಕ್ಕ ಇನ್ನೂ ಇತ್ತು. ಅವರು ಮಾವನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನಾನು ಕಿಟಕಿಯಲ್ಲಿದ್ದೆ. ಲಗಾಮು ಹಿಡಿದ ಕೈಯಲ್ಲಿ ಹಸಿರು ಬಳೆ ಇದ್ದವು."

"ನನ್ನವು ರೀ ಬಾಯಿಯವರ."

ಮಾವ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ. ಕುರಿಹಟ್ಟಿ, ಉಪ್ಪು, ನೇಗಿಲ ಕುಳ ಎಲ್ಲ ಹೇಳಿದೆ.

"ನಿಲ್ಲಿಸಲಿಕ್ಕೆ ಬರುತ್ತಿರಲಿಲ್ಲವೊ?"

"ಬರತಿತ್ತರಿ. ಜಗ್ಗಲಿಲ್ಲ."

"ಯಾಕೆ?"

"ಚೊಲೋ ಅನಸ್ತಿತ್ತು."

ಕಿಟಕಿಯಿಂದ ಬಿಸಿಲು ಬಂದು ಪಾಟಿಯ ಚೂರುಗಳ ಮೇಲೆ ಬಿದ್ದಿತ್ತು. ಎಲ್ಲೋ ಒಂದು ವರ್ಗದ ಹುಡುಗಿಯರು ಮಗ್ಗಿ ಹೇಳುತ್ತಿದ್ದರು, ದನಿ ಏರುತ್ತ ಇಳಿಯುತ್ತ ಇತ್ತು. ನನಗೆ ನಿದ್ದೆ ಬಂದ ಹಾಗಾಯಿತು, ಅಷ್ಟು ಹೆದರಿದ್ದೆ. ಹೆದರಿದರೆ ನನಗೆ ಈಗಲೂ ನಿದ್ದೆ ಬರುತ್ತದೆ.

ಅಷ್ಟರಲ್ಲಿ ಸಿಪಾಯಿ ಹಳಿ ಬಡಿದ. ಮಧ್ಯಾಹ್ನದ ಬಿಡುವು.

ಹೊರಗೆ ಕಿರುಚಾಟ ಎದ್ದಿತು. ಓಡಿಬಂದು ನೋಡುತ್ತೇವೆ, ಕುದುರೆ ಖಾಲಿ ಟಾಂಗಾ ಎಳೆದುಕೊಂಡು ಬಾಗಿಲು ದಾಟಿ, ಹೂವಿನ ಕುಂಡಗಳನ್ನು ಉರುಳಿಸಿ ನೇರ ಬೇವಿನ ಗಿಡದ ಕೆಳಗೆ ಬಂದು ನಿಂತಿದೆ. ಸುತ್ತಿಗೆ ಹಿಡಿದ ಸಿಪಾಯಿಯ ಕೈ ಮೂಸುತ್ತಿದೆ. ಕೈಯಲ್ಲಿ ಏನೂ ಇಲ್ಲ. ಅಂಗಿ ಮೂಸಿತು. ಅಲ್ಲೂ ಇಲ್ಲ. ಆ ಮನುಷ್ಯ ಗಿಡಕ್ಕೆ ಅಂಟಿಕೊಂಡು, "ಬಾಯೀ, ವಾಚವಾ!" ಎಂದು ಕೂಗಿದ, ಕಾಪಾಡಿ ಎಂದು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಬ್ಬಳು ನಗಲಿಲ್ಲ. ಮೆಟ್ಟಿಲ ಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತು ಟಾಂಗಾದ ಚಕ್ರವನ್ನೇ ನೋಡುತ್ತಿದ್ದಳು. ನಾನು ಗುರುತು ಹಿಡಿದೆ. ಆಗ ನನಗೆ ನಾಚಿಕೆ ಆಯಿತು. ಅದಕ್ಕೆ ಮುಂಚೆ ಹೆದರಿಕೆ ಮಾತ್ರ ಇತ್ತು, ಸುಳ್ಳೇಕೆ ಹೇಳಲಿ.

ದೊಡ್ಡ ಬಾಯಿಯವರು ಕುದುರೆಯ ಹತ್ತಿರ ಹೋಗಿ ಅದರ ಹಣೆಯ ಮಚ್ಚೆಯನ್ನು ಬೆರಳಿನಿಂದ ಮುಟ್ಟಿದರು. ಒಳಗೆ ಬಂದು ಕಾಗದ ತೆಗೆದು ಬರೆದರು. ಈ ಕುದುರೆಗೆ ಹುಚ್ಚಿಲ್ಲ, ಸಾಲಿಯ ಗಂಟೆಗೆ ಬರುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟೇ. ಹಸಿರು ಬಳೆ ಬರೆಯಲಿಲ್ಲ. ಕಾಗದವನ್ನು ಮಾವನ ಕೈಗೆ ಕೊಡದೆ ನನ್ನ ಮುಂದೆ ಹಿಡಿದರು.

"ಈ ಊರಿನ ರಸ್ತೆಯಲ್ಲಿ ಇನ್ನು ನೀನು ಲಗಾಮು ಹಿಡಿಯತಕ್ಕದ್ದಲ್ಲ. ಆಗುವುದೊ?"

"ಆಗತೈತ್ರಿ."

"ದೇವರ ಮುಂದಿಟ್ಟು ನೀರು ಹಾಕಬೇಡಿರಿ ಮತ್ತೆ."

ಸೋಮವಾರ ಕೋರ್ಟಿಗೆ ಹೋದೆವು. ನನಗೆ ನೆನಪಿರುವುದು ಮೇಲಿನ ಪಾರಿವಾಳಗಳು. ಪಂಖಾ ನಿಧಾನ ತಿರುಗುತ್ತಿತ್ತು, ಅವು ಅದರ ಮೇಲಿನ ತೊಲೆಯಲ್ಲಿ ಕೂತು ಗುಟುರು ಹಾಕುತ್ತಿದ್ದವು, ಕೆಳಗೆ ಹೆಸರು ಕರೆಯುವುದು, ಕಾಗದ ಮಗುಚುವುದು. ಎಲ್ಲರೂ ನೀರಿನ ತಳದಲ್ಲಿ ಮಾತಾಡಿದ ಹಾಗೆ. ಮ್ಯಾಜಿಸ್ಟ್ರೇಟರು ದೊಡ್ಡ ಬಾಯಿಯವರ ಕಾಗದ ಎರಡು ಸಲ ಓದಿದರು, ಮೀಸೆಯಲ್ಲಿ ನಗು ಬಂದದ್ದನ್ನು ಕೈಯಿಂದ ಒರೆಸಿದರು.

"ಹೊಡೆಯುತ್ತಿದ್ದವನು ಯಾರು?"

"ನಾನ ರೀ," ಎಂದರು ಮಾವ.

"ಜಗ್ಗಿ ನಿಲ್ಲಿಸಲಿಲ್ಲ ಏಕೆ?"

ಮಾವ ಊದಿದ ಕೈ ಎತ್ತಿ ತೋರಿಸಿದರು. ಕೋರ್ಟಿನಲ್ಲಿ ಅವರು ಸುಳ್ಳು ಹೇಳಿದರು, ನಾನು ಕೇಳುತ್ತ ನಿಂತಿದ್ದೆ, ದೊಡ್ಡ ಬಾಯಿಯವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ದಂಡ ಹಾಕಿದರು. ಬಿಲ್ಲೆ ಉಳಿಯಿತು, ಕುದುರೆಯೂ ಉಳಿಯಿತು. ಆದರೆ ಸೊಲ್ಲಾಪುರದಲ್ಲಿ ಯಾವ ಸಾಲಿಯ ಮುಂದೆಯೂ ಈ ಕುದುರೆ ಕಾಣಬಾರದು ಎಂದು ತಾಕೀತು ಮಾಡಿದರು.

ಮರುದಿನ ನವಿ ಪೇಠದಲ್ಲಿ ಒಂದು ಹೊಸ ಪಾಟಿ ಕೊಂಡು ನಡೆದುಕೊಂಡೇ ಸಾಲಿಗೆ ಹೋದೆ. ಆ ಹುಡುಗಿ ಅದನ್ನು ತಿರುಗಿಸಿ ನೋಡಿದಳು. "ಹೀ ಮಾಝೀ ನಾಹೀ," ಎಂದಳು. ಇದು ನನ್ನದಲ್ಲ. ಹೌದಲ್ಲ, ಅವಳದಲ್ಲ. ಮೆಟ್ಟಿಲ ಮೇಲಿಟ್ಟು ಬಂದೆ. ತೆಗೆದುಕೊಂಡಳೋ ಇಲ್ಲವೋ ತಿರುಗಿ ನೋಡಲಿಲ್ಲ.

ಸೊಲ್ಲಾಪುರದಲ್ಲಿ ಸಾಲಿ ಇಲ್ಲದ ರಸ್ತೆ ಎಲ್ಲಿದೆ? ಮಾವ ಒಂದು ವಾರ ತಿರುಗಿ ನೋಡಿ ಟಾಂಗಾವನ್ನು ಅಕ್ಕಲಕೋಟೆ ರೋಡ್ ಸ್ಟೇಶನ್ನಿಗೆ ಒಯ್ದರು. ಅಲ್ಲಿ ರೈಲಿಳಿದ ಜನರನ್ನು ಅಕ್ಕಲಕೋಟೆ ಊರಿಗೆ ಮುಟ್ಟಿಸುವ ಕೆಲಸ. ನಡುವೆ ಹರದಾರಿಗಟ್ಟಲೆ ಬರೀ ಹೊಲ. ನಮ್ಮವರು ಮಿಲ್ಲು ಬಿಡುವ ಹಾಗಿರಲಿಲ್ಲ, ಅತ್ತೆ ಅವರ ಜೊತೆ ಸೊಲ್ಲಾಪುರದಲ್ಲಿ ಉಳಿದರು. ಕುದುರೆಗೆ ನಾನೇ ಬೇಕಾದ್ದರಿಂದ ನಾನು ಮಾವನ ಜೊತೆ ಹೋದೆ, ರಜೆಯ ದಿನ ನಮ್ಮವರು ರೈಲಿನಲ್ಲಿ ಬರುತ್ತಿದ್ದರು. ಕುದುರೆ ಅಲ್ಲಿ ಹಳೆಯ ಹಾಗೇ ನಿದ್ದೆಯಲ್ಲಿ ನಡೆಯಿತು. ಯಾತ್ರೆಯವರು ದೇವರ ಹೆಸರು ಹೇಳುತ್ತ ಕೂರುತ್ತಿದ್ದರು, ಊರು ಬರುವ ಹೊತ್ತಿಗೆ ಹೆಸರೆಲ್ಲ ಮುಗಿದು ಗೊರಕೆ ಹೊಡೆಯುತ್ತಿದ್ದರು.

ಒಂದು ಮಧ್ಯಾಹ್ನ ಊರಲ್ಲಿ ಜನರನ್ನು ಇಳಿಸಿ ಖಾಲಿ ಟಾಂಗಾದಲ್ಲಿ ಸ್ಟೇಶನ್ನಿಗೆ ತಿರುಗಿ ಬರುತ್ತಿದ್ದೆವು. ಮುಂದೆ ಮಾವ, ಹಿಂದೆ ನಾನು. ಜೋಳ ಕೊಯ್ದ ಹೊಲಗಳು ಬಿಸಿಲಿನಲ್ಲಿ ಅಲುಗಾಡುತ್ತಿದ್ದವು. ಮುಂದೆ ಹಿಂದೆ ಒಂದು ನರಪಿಳ್ಳೆ ಇರಲಿಲ್ಲ. ಮಾವ ಸೀಟಿನ ಕೆಳಗೆ ಕೈಹಾಕಿ ಮನೆಯ ಹಿತ್ತಾಳೆ ತಾಟು ತೆಗೆದು ಹಿಂದಕ್ಕೆ ಚಾಚಿದರು. ಸೊಲ್ಲಾಪುರದಲ್ಲಿ ಅತ್ತೆ ಆ ತಾಟು ಕಳೆದಿದೆ ಎಂದು ತಿಂಗಳಿಂದ ಹುಡುಕುತ್ತಿದ್ದರು.

"ಬಡಿ," ಎಂದರು.

"ಮಾವಾ?"

"ಲಗಾಮ ನನ್ನ ಕೈಯಾಗ ಐತಿ. ನೀ ಬರೇ ತಾಟ ಬಡಿ. ದೊಡ್ಡ ಬಾಯಿಯವರಿಗಿ ಕೊಟ್ಟ ಮಾತ ಉಳೀತೈತಿ."

"ನಿಮಗ ಸಿಟ್ಟಿತ್ತಲ್ಲ?"

ಅವರು ತಿರುಗಿ ನೋಡಲಿಲ್ಲ. "ಐದ ದಿನಾ ಹಿಂದ ಕುಂತಾಂವ ನಾ ಅಲ್ಲೇನು? ಒಂದ ದಿನ ಆದರೂ ಬ್ಯಾಡ ಅಂದೀನಿ? ಬಡೀ ಬೇ."

ಬಡಿದೆ. ಕುದುರೆಯ ಕಿವಿ ನೆಟ್ಟಗಾದವು. ಮತ್ತೆ ನೆಲ ಇಲ್ಲವಾಯಿತು. ಹೊಲ, ಬೇಲಿ, ಕರಿಜಾಲಿ, ದೂರದ ಗುಡಿ ಎಲ್ಲ ಕದಡಿ ಹಿಂದೆ ಹರಿದವು. ಮಾವನ ಪಟಕಾ ಬಿಚ್ಚಿ ಗಾಳಿಯಲ್ಲಿ ನೆಟ್ಟಗೆ ಹಾರಿತು, ಅವರು ಹಿಡಿದುಕೊಳ್ಳಲಿಲ್ಲ. ನಾನು ಬಡಿಯುತ್ತಲೇ ಇದ್ದೆ. ಕಣ್ಣು ಮಾತ್ರ ರಸ್ತೆಯ ಮೇಲೆ ಇಟ್ಟಿದ್ದೆ, ಎಲ್ಲಾದರೂ ಒಂದು ಪಾಟಿ ಬಿದ್ದಿದೆಯೋ ಎಂದು.

ಸಾಕೆನಿಸಿದಾಗ ಮಾವ ಲಗಾಮು ಜಗ್ಗಿ ನಿಲ್ಲಿಸಿದರು. ಕುದುರೆ ತಿರುಗಿ ನಮ್ಮ ಕೈ ನೋಡಿತು. ಸಾಲಿಯ ಮುಂದೆ ಐದು ದಿನ ಓಡಿ, ಅಂಗಳದ ತನಕ ಹೋಗಿ, ಒಂದು ದಿನವೂ ಅದಕ್ಕೆ ಏನೂ ಸಿಕ್ಕಿರಲಿಲ್ಲ. ಮಾವ ಇಳಿದು ಧೋತರದ ಗಂಟು ಬಿಚ್ಚಿದರು. ಹಳ್ಳುಪ್ಪು. ಅಂಗೈಯಲ್ಲಿಟ್ಟು ಮೂತಿಗೆ ಹಿಡಿದರು. ಕುದುರೆ ಕಣ್ಣು ಮುಚ್ಚಿ ನೆಕ್ಕಿತು.

"ಇನ್ನೀಟ ಕೊಡ್ರಿ," ಎಂದೆ. "ಬಾಕಿ ಬಾಳ ಐತಿ ಅದರದು."